ನಿವೃತ್ತಿಯ ನಂತರ ತರ್ಕಶಾಸ್ತ್ರ ಕಲಿತರೆ ಬುದ್ಧಿ ಚುರುಕಾಗಿ ಉಳಿಯುತ್ತದೆಯೇ? ಎಲ್ಲಿಂದ ಆರಂಭಿಸಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ವಯಸ್ಸಾಗುತ್ತಿದ್ದಂತೆ ಹೆಸರುಗಳು ಮರೆಯುತ್ತಿವೆ, ಪದಬಂಧ ಬೇಸರ ತರಿಸಿದೆ. ತರ್ಕವನ್ನೂ ಕರಾರುವಾಕ್ಕಾದ ವ್ಯಾಖ್ಯೆಗಳನ್ನೂ ಅಭ್ಯಾಸ ಮಾಡಿದರೆ ಬುದ್ಧಿ ಮಂಕಾಗದೆ ಉಳಿಯುವುದೇ ಎಂಬುದು ಒಂದು. ಗಣಿತದ ಗಂಧವಿಲ್ಲದವರು ಎಲ್ಲಿಂದ ಶುರುಮಾಡಬೇಕು ಎಂಬುದು ಇನ್ನೊಂದು. ನಾನು ಎಪ್ಪತ್ತರ ಆಸುಪಾಸಿನವನು. ಕೆಲಸದಲ್ಲಿದ್ದಷ್ಟು ಕಾಲ ತರ್ಕಶಾಸ್ತ್ರದ ಒಂದು ಪುಟವನ್ನೂ ತಿರುವಿದವನಲ್ಲ. ಈಗ ಕೆಲವು ವರ್ಷಗಳಿಂದ ಅದೇ ಹುಚ್ಚು. ಹಾಗಾಗಿ ಎರಡನೆಯ ಪ್ರಶ್ನೆಗೆ ಅನುಭವದಿಂದ ಉತ್ತರಿಸಬಲ್ಲೆ. ಮೊದಲನೆಯದಕ್ಕೆ ಓದಿ ತಿಳಿದದ್ದೇ ಆಧಾರ.

ತರ್ಕ ಕಲಿತರೆ ಮರೆಗುಳಿ ಕಾಯಿಲೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವಿಷಯದಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟದ್ದು ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ‘ಆ್ಯಕ್ಟಿವ್’ ಎಂಬ ಪ್ರಯೋಗ. 65 ದಾಟಿದ 2,832 ಮಂದಿಯನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ನೆನಪಿನ ತರಬೇತಿ, ಒಂದಕ್ಕೆ ತರ್ಕದ ತರಬೇತಿ, ಒಂದಕ್ಕೆ ಕಣ್ಣಿಗೆ ಬಿದ್ದದ್ದನ್ನು ಬೇಗ ಗ್ರಹಿಸುವ ತರಬೇತಿ ಕೊಟ್ಟರು. ನಾಲ್ಕನೆಯದಕ್ಕೆ ಏನೂ ಕೊಡಲಿಲ್ಲ. ತರಬೇತಿ ಎಂದರೆ ಐದಾರು ವಾರಗಳಲ್ಲಿ ಹತ್ತು ಪಾಠ, ಕೆಲವರಿಗೆ ಮಾತ್ರ ಮುಂದೆ ಇನ್ನಷ್ಟು ಪಾಠ. ಹತ್ತು ವರ್ಷಗಳ ನಂತರ ನೋಡಿದಾಗ ತರ್ಕದ ಮತ್ತು ವೇಗದ ತರಬೇತಿಯ ಫಲ ಇನ್ನೂ ಉಳಿದಿತ್ತು, ನೆನಪಿನದು ಕರಗಿಹೋಗಿತ್ತು. ಇದು ಸಿಹಿ ಸುದ್ದಿ. ಕಹಿಯೂ ಇದೆ: ಪ್ರತಿಯೊಂದು ಗುಂಪೂ ಮುಖ್ಯವಾಗಿ ತಾನು ಅಭ್ಯಾಸ ಮಾಡಿದ ವಿಷಯದಲ್ಲೇ ಸುಧಾರಿಸಿತು. ತರ್ಕ ಕಲಿತವರಿಗೆ ನೆನಪು ಹೆಚ್ಚಲಿಲ್ಲ. ಅಲ್ಲದೆ ಅಲ್ಲಿ ಕಲಿಸಿದ ‘ತರ್ಕ’ ಎಂದರೆ ಅಕ್ಷರಗಳ, ಸಂಖ್ಯೆಗಳ ಸರಣಿಯಲ್ಲಿ ಮುಂದಿನದು ಯಾವುದು ಎಂದು ಕಂಡುಹಿಡಿಯುವುದು. ನೀವು ಕಲಿಯಬೇಕೆಂದಿರುವ ತರ್ಕ ಅದಲ್ಲ.

ಮಿದುಳಿನ ಆರೋಗ್ಯವೇ ಮುಖ್ಯ ಗುರಿಯಾದರೆ ಕಿವಿ ಪರೀಕ್ಷೆ, ರಕ್ತದೊತ್ತಡ, ನಡಿಗೆ, ನಾಲ್ಕು ಜನರ ಒಡನಾಟ ಇವು ಯಾವ ಪಠ್ಯಪುಸ್ತಕಕ್ಕಿಂತಲೂ ಮುಂಚೆ ಬರಬೇಕು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಮರೆಗುಳಿ ಕಾಯಿಲೆಯ ಬಗ್ಗೆ 2024ರಲ್ಲಿ ಕೊಟ್ಟ ವರದಿಯಲ್ಲಿರುವ ಹದಿನಾಲ್ಕು ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷ, ಅಧಿಕ ರಕ್ತದೊತ್ತಡ, ಒಂಟಿತನ ಎಲ್ಲವೂ ಸೇರಿವೆ. ಹಾಗೆಯೇ ‘ಮರೆವು’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಪರಿಚಿತರ ಹೆಸರು ತಕ್ಷಣ ಬಾಯಿಗೆ ಬಾರದೆ ಸಂಜೆ ಹೊಳೆಯುವುದು ಒಂದು ಬಗೆ. ದಿನಾ ಓಡಾಡುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಕೇಳಿ, ಕೇಳಿದ ನೆನಪೂ ಇಲ್ಲದಿರುವುದು ಇನ್ನೊಂದು ಬಗೆ. ಎರಡನೆಯದಾದರೆ ಪುಸ್ತಕದಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಕಲಿಯಿರಿ ಎಂದೇ ಹೇಳುತ್ತೇನೆ. ಅಭ್ಯಾಸ ಮಾಡಿದ್ದಷ್ಟೇ ಸುಧಾರಿಸುವುದಾದರೆ, ಸುಧಾರಿಸಿದರೆ ಪ್ರಯೋಜನವಾಗುವಂಥದ್ದನ್ನೇ ಅಭ್ಯಾಸ ಮಾಡುವುದು ಮೇಲಲ್ಲವೇ? ಪದಬಂಧದಲ್ಲಿ ಪಳಗಿದವರು ಪದಬಂಧದಲ್ಲಿ ಪಳಗಿರುತ್ತಾರೆ. ವ್ಯಾಖ್ಯೆ ಕಟ್ಟುವುದರಲ್ಲಿ, ವಾದದ ಬಿರುಕು ಹಿಡಿಯುವುದರಲ್ಲಿ ಪಳಗಿದವರಿಗೆ ವಿಮಾ ಪತ್ರ ಓದುವಾಗ, ಔಷಧಿಯ ಸೂಚನೆ ನೋಡುವಾಗ, ಯಾರೋ ಫೋನಿನಲ್ಲಿ ಅವಸರಪಡಿಸುವಾಗ ಅದೇ ವಿದ್ಯೆ ಕೆಲಸಕ್ಕೆ ಬರುತ್ತದೆ.

ನಮ್ಮ ವಯಸ್ಸಿಗೆ ಇದು ಹೊಂದುತ್ತದೆ ಎನ್ನಲು ಇನ್ನೊಂದು ಕಾರಣವಿದೆ. 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದ ಅಧ್ಯಯನವೂ ಸೇರಿದಂತೆ ಹಲವು ಸಂಶೋಧನೆಗಳು ಹೇಳುವುದೇನೆಂದರೆ, ಗ್ರಹಿಕೆಯ ವೇಗ ಬೇಗ ಇಳಿಯತೊಡಗುತ್ತದೆ, ಶಬ್ದಸಂಪತ್ತು ಬಹಳ ಕಾಲ ನಿಲ್ಲುತ್ತದೆ. ತರ್ಕಕ್ಕೆ ಗಡಿಯಾರದ ಹಂಗಿಲ್ಲ. ವ್ಯಾಖ್ಯೆಯನ್ನು ಪರೀಕ್ಷಿಸಲು ಬೇಕಾಗಿರುವುದು ಉದಾಹರಣೆಗಳ ದಾಸ್ತಾನು, ಮತ್ತು ಅದು ಇಪ್ಪತ್ತರ ಹುಡುಗನಿಗಿಂತ ನಮ್ಮಲ್ಲೇ ಹೆಚ್ಚಿದೆ.

ಈಗ ಎಲ್ಲಿಂದ ಎಂಬ ಪ್ರಶ್ನೆ. ಹೆಚ್ಚಿನ ಪುಸ್ತಕಗಳು ಸಂಕೇತಗಳಿಂದ ಶುರುಮಾಡುತ್ತವೆ. ಹೊಸಬರು ಓಡಿಹೋಗುವುದೂ ಅಲ್ಲಿಂದಲೇ. ನೀವು ವ್ಯಾಖ್ಯೆಗಳಿಂದ ಶುರುಮಾಡಿ. ನ್ಯಾಯ ಎಂಬ ನಮ್ಮ ಹಳೆಯ ತರ್ಕಪರಂಪರೆಯವರು ಲಕ್ಷಣಕ್ಕೆ, ಅಂದರೆ ವ್ಯಾಖ್ಯೆಗೆ, ಮೂರು ದೋಷಗಳನ್ನು ಹೇಳಿದ್ದಾರೆ. ಹದಿನೇಳನೆಯ ಶತಮಾನದ ಅನ್ನಂಭಟ್ಟ ಬರೆದ ತರ್ಕಸಂಗ್ರಹ ಎಂಬ ಪುಸ್ತಕದ ಪಾಠದಲ್ಲಿ ಇವನ್ನು ಹಸುವಿನ ಉದಾಹರಣೆಯಿಂದ ಕಲಿಸುವುದು ವಾಡಿಕೆ. ‘ಕಪಿಲ ಬಣ್ಣದ್ದು ಹಸು’ ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ: ಅವ್ಯಾಪ್ತಿ. ‘ಕೊಂಬಿರುವುದು ಹಸು’ ಎಂದರೆ ಎಮ್ಮೆಯೂ ಒಳಗೆ ಬರುತ್ತದೆ: ಅತಿವ್ಯಾಪ್ತಿ. ‘ಒಂಟಿಗೊರಸಿನದು ಹಸು’ ಎಂದರೆ ಯಾವ ಹಸುವೂ ಸಿಗುವುದಿಲ್ಲ: ಅಸಂಭವ. ಗಂಗೆದೊಗಲು ಇರುವುದು ಎಂಬಲ್ಲಿಗೆ ಅವರು ನಿಲ್ಲಿಸುತ್ತಾರೆ. ಈ ಮೂರು ಹೆಸರುಗಳು ನಿಮ್ಮ ಕೈಯಲ್ಲಿದ್ದರೆ ಮೊದಲ ಕೆಲವು ತಿಂಗಳಿಗೆ ಬೇರೆ ಉಪಕರಣವೇ ಬೇಡ.

ನಾನು ಮಾಡುವ ಅಭ್ಯಾಸ ಹೇಗಿರುತ್ತದೆಂದು ತೋರಿಸುತ್ತೇನೆ. ‘ಸುಳ್ಳು ಹೇಳುವುದು’ ಎಂದರೇನು? ನಿಜವಲ್ಲದ್ದನ್ನು ಹೇಳುವುದು ಎಂದು ಬರೆಯಿರಿ. ರೈಲು ಐದು ಗಂಟೆಗೆ ಎಂದು ಮನಸಾರೆ ನಂಬಿ ಹೇಳಿದವನು, ಅದು ಆರಕ್ಕೆ ಬಂದ ಮಾತ್ರಕ್ಕೆ ಸುಳ್ಳುಗಾರನೇ? ಅಲ್ಲ, ಅತಿವ್ಯಾಪ್ತಿ. ತಿದ್ದೋಣ: ನಿಜವಲ್ಲವೆಂದು ತಾನು ನಂಬಿರುವುದನ್ನು ಹೇಳುವುದು. ಆದರೆ ರಂಗದ ಮೇಲೆ ‘ನಾನೇ ಈ ನಾಡಿನ ಅರಸು’ ಎನ್ನುವ ನಟನಿಗೆ ತಾನು ಅರಸನಲ್ಲವೆಂದು ಚೆನ್ನಾಗಿ ಗೊತ್ತು. ಮತ್ತೆ ತಿದ್ದೋಣ: ನಿಜವಲ್ಲವೆಂದು ತಾನು ನಂಬಿರುವುದನ್ನು, ಕೇಳುವವರು ನಿಜವೆಂದು ನಂಬಲಿ ಎಂಬ ಉದ್ದೇಶದಿಂದ ಹೇಳುವುದು. ಇದು ಬಹಳಷ್ಟು ಮಟ್ಟಿಗೆ ನಿಲ್ಲುತ್ತದೆ. ಈಗ ನಿಜವಾದ ತೊಡಕು. ರೈಲು ಐದಕ್ಕೆ ಎಂದು ನಂಬಿದವನೊಬ್ಬ, ಅದು ನಿಮಗೆ ತಪ್ಪಿಹೋಗಲಿ ಎಂದು ‘ಆರಕ್ಕೆ’ ಎನ್ನುತ್ತಾನೆ. ರೈಲು ತಡವಾಗಿ ಆರಕ್ಕೇ ಬರುತ್ತದೆ. ಅವನು ಹೇಳಿದ್ದು ನಿಜವಾಯಿತು. ಅವನು ಸುಳ್ಳು ಹೇಳಿದನೇ? ಇನ್ನೊಬ್ಬ, ಹೂದಾನಿ ಒಡೆದವರು ಯಾರು ಎಂದು ಕೇಳಿದರೆ ‘ನಾನು ತೋಟಕ್ಕೆ ಹೋಗಿದ್ದೆ’ ಎನ್ನುತ್ತಾನೆ. ತೋಟಕ್ಕೆ ಹೋಗಿದ್ದು ನಿಜ, ಒಡೆದ ಮೇಲೆ ಹೋಗಿದ್ದು. ನಮ್ಮ ಮೂರನೆಯ ವ್ಯಾಖ್ಯೆ ಮೊದಲನೆಯವನನ್ನು ಹಿಡಿಯುತ್ತದೆ, ಎರಡನೆಯವನನ್ನು ಬಿಟ್ಟುಬಿಡುತ್ತದೆ. ಬಿಡಬೇಕೇ, ಬೇಡವೇ? ಇಲ್ಲಿಂದ ಮುಂದೆ ವ್ಯಾಖ್ಯೆ ಎಂಬುದು ಕಂಡುಹಿಡಿಯುವ ವಸ್ತುವಲ್ಲ, ನಾವು ತೀರ್ಮಾನಿಸಬೇಕಾದದ್ದು.

ಗಣಿತದಲ್ಲೂ ಹೀಗೆಯೇ. 1 ಅನ್ನು ಅವಿಭಾಜ್ಯ ಸಂಖ್ಯೆಯ ಪಟ್ಟಿಯಿಂದ ಹೊರಗಿಟ್ಟಿರುವುದಕ್ಕೆ ಕಾರಣ ಉಪಯೋಗ: 12 ಅನ್ನು ಅವಿಭಾಜ್ಯಗಳಾಗಿ ಒಡೆಯಲು 2×2×3 ಎಂಬ ಒಂದೇ ದಾರಿ ಇರಬೇಕು, 1 ಸೇರಿದರೆ 1×2×2×3, 1×1×2×2×3 ಎಂದು ಕೊನೆಯಿಲ್ಲದೆ ಬೆಳೆಯುತ್ತದೆ. 2006ರಲ್ಲಿ ಖಗೋಳಜ್ಞರು ಗ್ರಹದ ವ್ಯಾಖ್ಯೆಯನ್ನು ಬಿಗಿಗೊಳಿಸಿದಾಗ ಪ್ಲೂಟೊ ಹೊರಬಿದ್ದದ್ದು ನಿಮಗೆ ನೆನಪಿರಬಹುದು. ಪ್ಲೂಟೊದಲ್ಲಿ ಏನೂ ಬದಲಾಗಿರಲಿಲ್ಲ.

ವ್ಯಾಖ್ಯೆ ರೂಢಿಯಾದ ಮೇಲೆ ‘ಹೀಗಿದ್ದರೆ ಹಾಗೆ’ ಎಂಬಂಥ ವಾಕ್ಯಗಳಿಗೆ ಬನ್ನಿ. ಮನಶ್ಶಾಸ್ತ್ರಜ್ಞ ಪೀಟರ್ ವ್ಯಾಸನ್ 1966ರಲ್ಲಿ ಪ್ರಕಟಿಸಿದ ಒಗಟಿನಿಂದ ಆರಂಭಿಸಬಹುದು. ನಾಲ್ಕು ಚೀಟಿಗಳು: ಅ, ಕ, 4, 7. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ. ನಿಯಮ: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ. ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಯಾವ ಚೀಟಿಗಳನ್ನು ತಿರುಗಿಸಲೇಬೇಕು? ಬಹುಪಾಲು ಜನ ‘ಅ’ ಮತ್ತು 4 ಎನ್ನುತ್ತಾರೆ, ಅಥವಾ ‘ಅ’ ಮಾತ್ರ. ಸರಿಯುತ್ತರ ‘ಅ’ ಮತ್ತು 7. 4ರ ಹಿಂದೆ ಏನಿದ್ದರೂ ನಿಯಮಕ್ಕೆ ಭಂಗವಿಲ್ಲ. 7ರ ಹಿಂದೆ ಸ್ವರವಿದ್ದರೆ ಭಂಗ. ಇದರಲ್ಲಿ ಎಡವಿದರೆ ವಯಸ್ಸನ್ನು ದೂರಬೇಡಿ, ಕಾಲೇಜು ವಿದ್ಯಾರ್ಥಿಗಳೂ ಎಡವಿದ್ದಾರೆ.

ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ ಎನ್ನಲು ನೈಯಾಯಿಕರು, ಅಂದರೆ ಆ ನ್ಯಾಯ ಪರಂಪರೆಯವರು, ಕಾದು ಕೆಂಪಾದ ಕಬ್ಬಿಣದ ಗುಂಡನ್ನು ಮುಂದಿಡುತ್ತಾರೆ: ಬೆಂಕಿಯಿದೆ, ಹೊಗೆಯಿಲ್ಲ. ವ್ಯಾಸನ್‌ನ ಒಗಟಿನಲ್ಲಿ 4ನ್ನು ಮುಟ್ಟುವವರು ಮರೆಯುವುದು ಈ ಗುಂಡನ್ನೇ. ಇದು ಬರೀ ಶಾಸ್ತ್ರವಲ್ಲ. ‘ಬ್ಯಾಂಕಿನವರಾದರೆ ಅವರಿಗೆ ನನ್ನ ಹೆಸರು, ಖಾತೆ ಸಂಖ್ಯೆ ಗೊತ್ತಿರುತ್ತದೆ’ ಎಂಬುದು ನಿಜ. ‘ಇವನಿಗೆ ಅವು ಗೊತ್ತಿವೆ, ಆದ್ದರಿಂದ ಇವನು ಬ್ಯಾಂಕಿನವನು’ ಎಂಬುದು ನಿಜವಾಗಬೇಕಿಲ್ಲ. ಹಿರಿಯರನ್ನು ಫೋನಿನಲ್ಲಿ ವಂಚಿಸುವವರ ವ್ಯಾಪಾರ ನಡೆಯುವುದು ಈ ತಿರುಗುಮುರುಗಿನ ಮೇಲೆಯೇ. ಅಂಥ ಕರೆ ಬಂದಾಗ ನಾನು ಮನಸ್ಸಿನಲ್ಲಿ ‘ಕಬ್ಬಿಣದ ಗುಂಡು’ ಎಂದುಕೊಂಡು ಫೋನ್ ಇಡುತ್ತೇನೆ.

ನಂತರ ‘ಎಲ್ಲ’, ‘ಕೆಲವು’, ‘ಇಲ್ಲ’ ಇವುಗಳ ಸರದಿ. ಪ್ರತಿಯೊಂದು ಬೀಗಕ್ಕೂ ಒಂದು ಕೀಲಿಕೈ ಇದೆ ಎನ್ನುವುದಕ್ಕೂ ಎಲ್ಲ ಬೀಗಗಳಿಗೂ ಆಗುವ ಒಂದು ಕೀಲಿಕೈ ಇದೆ ಎನ್ನುವುದಕ್ಕೂ ಇರುವ ಅಂತರವನ್ನು ಬರೆದು ನೋಡಿ. ‘ಎಲ್ಲರೂ ಬಂದಿಲ್ಲ’ ಎಂದರೆ ಯಾರೂ ಬಂದಿಲ್ಲವೇ, ಕೆಲವರು ಬಂದಿಲ್ಲವೇ?

ಒಬ್ಬರೇ ಕೂತು ಮಾಡಬೇಡಿ. ನಮ್ಮ ವ್ಯಾಖ್ಯೆಗೆ ನಾವೇ ಹುಡುಕುವ ಅಪವಾದಗಳು ಯಾವಾಗಲೂ ಸೌಮ್ಯವಾಗಿರುತ್ತವೆ. ತಕರಾರು ತೆಗೆಯುವ ಸ್ವಭಾವದವರೊಬ್ಬರನ್ನು ಜೊತೆಗೆ ಹಾಕಿಕೊಳ್ಳಿ, ‘ನನಗೆ ಒಪ್ಪಿಗೆಯಿಲ್ಲ’ ಎಂದರೆ ಸಾಲದು, ಅಪವಾದವನ್ನೇ ಎದುರಿಗಿಡಬೇಕು ಎಂಬ ಕರಾರಿನ ಮೇಲೆ.

ಪುಸ್ತಕ ಕೊಳ್ಳುವಾಗ ಅಭ್ಯಾಸಗಳಿಗೆ ಉತ್ತರಗಳು ಕೊನೆಯಲ್ಲಿರುವುದನ್ನೇ ಆರಿಸಿ. ಶಿಕ್ಷಕರಿಲ್ಲದೆ ಕಲಿಯುವವರಿಗೆ ಅದಿಲ್ಲದಿದ್ದರೆ ದಾರಿಯಿಲ್ಲ. ಸತ್ಯಕೋಷ್ಟಕವನ್ನು (ಬಿಡಿ ವಾಕ್ಯಗಳು ನಿಜವೋ ಸುಳ್ಳೋ ಆದಾಗ ಕೂಡುವಾಕ್ಯ ಏನಾಗುತ್ತದೆ ಎಂದು ತೋರಿಸುವ ಪಟ್ಟಿ) ಮೂರು ವಾಕ್ಯಗಳವರೆಗೆ ಕೈಯಲ್ಲೇ ಬರೆದು ಮುಗಿಸಿ, ಅದಕ್ಕಿಂತ ದೊಡ್ಡದು ಬರೀ ಗುಮಾಸ್ತಗಿರಿ. ತರ್ಕಶಾಸ್ತ್ರಜ್ಞ ಗ್ಯೋಡೆಲ್‌ನ 1931ರ ಹೆಸರಾಂತ, ಕಠಿಣವಾದ ಪ್ರಮೇಯದ ಬಗ್ಗೆ ಯಾರಾದರೂ ರೋಮಾಂಚನದಿಂದ ಮಾತನಾಡಿದರೆ ಕೇಳಿಸಿಕೊಳ್ಳಿ, ಆದರೆ ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.