ಹಾಲುಗಾಜಿನ ಶೇಡು, ತುಕ್ಕು ಹಿಡಿದ ತೂಗುದೀಪ: ಹಳೆಯ ದೀಪದ ಬಿಡಿಭಾಗಗಳಿಗೆ ಮನೆಯಲ್ಲೇ ಹೊಸ ಜಾಗ

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಹಳೆಯ ಮನೆ ಬಿಚ್ಚುವಾಗ ಮೂರು ಹಾಲುಗಾಜಿನ ಶೇಡುಗಳು ಸಿಕ್ಕಿವೆ. ಅವುಗಳ ಕುತ್ತಿಗೆ ಹಿಡಿಯುವ ಹಿತ್ತಾಳೆ ಬಳೆ, ಹೋಲ್ಡರ್ ಎಲ್ಲ ಕಪ್ಪಾಗಿವೆ. ಹೊಸ ಮನೆಯ ಜಗುಲಿಯಲ್ಲಿ ಶೇಡುಗಳನ್ನು ಬಾಯಿ ಮೇಲಾಗಿ ತೂಗಿ ಗಿಡ ಇಡಬಹುದೇ?

ಉತ್ತರ: ಇಡಬಹುದು, ಆದರೆ ಅದೇ ಬಳೆಗೆ ತೂಗಬೇಡಿ. ಅದರ ಮೂರು ತಿರುಪುಗಳು ಇಷ್ಟು ವರ್ಷ ಹೊತ್ತಿದ್ದು ಖಾಲಿ ಗಾಜನ್ನು ಮಾತ್ರ. ಒಂದು ಲೀಟರ್ ಹಸಿ ಮಣ್ಣೇ ಒಂದೂವರೆ ಕಿಲೋ ತೂಗುತ್ತದೆ. ತಿರುಪಿನ ತುದಿ ಗಾಜನ್ನು ಒಂದೇ ಚುಕ್ಕೆಯಲ್ಲಿ ಒತ್ತುವುದರಿಂದ ಭಾರ ಬಿದ್ದಾಗ ಅಲ್ಲಿಂದಲೇ ಸೀಳು ಹೊರಡುತ್ತದೆ. ನಾಲ್ಕು ಎಳೆ ನೈಲಾನ್ ಹುರಿಯ ಬಲೆ ಹೆಣೆದು ಶೇಡನ್ನು ಅದರೊಳಗೆ ಕೂರಿಸಿ. ತೆಂಗಿನ ನಾರಿನ ಹಗ್ಗ ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ನೆನೆದು ನೆನೆದು ಕೊಳೆಯುತ್ತದೆ.

ಗಾಜಿಗೆ ನೇರ ಮಣ್ಣು ತುಂಬಬೇಡಿ. ಒಳಗೆ ಕೂರುವಷ್ಟು ಸಣ್ಣ ಪ್ಲಾಸ್ಟಿಕ್ ಕುಂಡವಿಡಿ, ಅದಕ್ಕೆ ಅರ್ಧ ತೆಂಗಿನ ನಾರಿನ ಪುಡಿ, ಅರ್ಧ ಮಣ್ಣುಗೊಬ್ಬರ. ಭಾರ ಇಳಿಯುತ್ತದೆ, ಗಾಜಿನ ಮೇಲೆ ಉಪ್ಪಿನ ಬಿಳಿ ಗೆರೆ ಕೂರುವುದಿಲ್ಲ. ಕೆಳಗಾದ ಕುತ್ತಿಗೆಯ ತೂತು ತೆರೆದೇ ಇರಲಿ. ನೀರು ತೊಟ್ಟಿಕ್ಕುತ್ತದೆಂದು ಎಂ-ಸೀಲ್ ಮೆತ್ತಿದರೆ ಒಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಅಂಥ ನೀರಿನಲ್ಲಿ ಏಳರಿಂದ ಹತ್ತು ದಿನಕ್ಕೆ ಸೊಳ್ಳೆಯಾಗಿ ಹೊರಬರುತ್ತದೆ.

ಇನ್ನು ಹಿತ್ತಾಳೆ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ ಮಾತ್ರ. ಅಂಟದಿದ್ದರೆ ಕಾಣದ ಮೂಲೆಯಲ್ಲಿ ಸಣ್ಣ ಗೀರು ಹಾಕಿ. ಒಳಗೆ ಬೂದುಬಿಳಿ ಕಂಡರೆ ಸತುವಿನ ಎರಕ ಇರಬಹುದು. ಇವೆರಡಕ್ಕೂ ಹುಳಿ ಸೋಕಿಸಬೇಡಿ, ಸೋಪಿನ ನೀರು ಸಾಕು. ಒಳಗೂ ಹಳದಿಯೇ ಇದ್ದರೆ, ಹುಣಸೆ ಅಥವಾ ಮುರುಗಲು (ಕೋಕಂ) ಸಿಪ್ಪೆಯನ್ನು ಬಿಸಿನೀರಲ್ಲಿ ಕಿವುಚಿ ಹಚ್ಚಿ, ಐದು ನಿಮಿಷ ಬಿಟ್ಟು ಉಜ್ಜಿ. ರಾತ್ರಿಯಿಡೀ ನೆನೆಸಿಡುವುದು ದೊಡ್ಡ ತಪ್ಪು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ಕರಗಿಸಿ ತಾಮ್ರ ಉಳಿಸುತ್ತದೆ, ವಸ್ತು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚೆನ್ನಾಗಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಬಣ್ಣವಿಲ್ಲದ ಲ್ಯಾಕರ್ (ಹೊಳಪು ಕಾಯುವ ಪಾರದರ್ಶಕ ಲೇಪ) ಎರಡು ಕೋಟ್ ತೆಳುವಾಗಿ ಹೊಡೆಯಿರಿ. ಕೊಬ್ಬರಿ ಎಣ್ಣೆ ಸವರಿದರೆ ಧೂಳು ಕೂತು ಅಂಟಾಗುತ್ತದೆ.

ಒಂದು ಮಾತು: ಮೂರನ್ನೂ ಕುಂಡ ಮಾಡಬೇಡಿ. ಬೆಳಕನ್ನು ಮೃದುವಾಗಿ ಹರಡುವುದೇ ಹಾಲುಗಾಜಿನ ನಿಜವಾದ ಗುಣ. ಒಂದನ್ನಾದರೂ ದೀಪವಾಗಿ ಉಳಿಸಿ. ಹತ್ತಿ ಸುತ್ತಿದ ಹಳೆಯ ವೈರು ಒಳಗೆ ಪುಡಿಯಾಗಿರುತ್ತದೆ, ಅದನ್ನು ಎಸೆದು 0.75 ಚದರ ಮಿ.ಮೀ.ನ ಮೂರೆಳೆ ವೈರು ಹಾಕಿಸಿ. ಲೋಹದ ಭಾಗಕ್ಕೆ ಅರ್ಥಿಂಗ್ ಬೇಕೇಬೇಕು, ಇದು ಎಲೆಕ್ಟ್ರಿಷಿಯನ್ ಕೆಲಸ. 5 ವ್ಯಾಟ್ ಎಲ್‌ಇಡಿ ಬಲ್ಬು ಸಾಕು. ಬಳೆ ಮತ್ತು ಗಾಜಿನ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೂರು ತಿರುಪುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಕೈಬೆರಳಿನ ಬಿಗಿಗೇ ನಿಲ್ಲಿಸಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರಕ್ಕೆ ಎದುರಾದ ನಮ್ಮ ಬಾಲ್ಕನಿಯಲ್ಲಿ ಹಳೆಯ ಕಬ್ಬಿಣದ ತೂಗುದೀಪವನ್ನು ಬಣ್ಣ ಬಳಿದು ಅಲಂಕಾರಕ್ಕೆ ತೂಗಿದ್ದೆ. ವರ್ಷದೊಳಗೆ ಬಣ್ಣ ಗುಳ್ಳೆಯೆದ್ದು ತುಕ್ಕು ಬಂತು. ಗಾಜಿನ ಹರಳುಗಳೂ ಮಂಕಾಗಿವೆ.

ಉತ್ತರ: ಗುಳ್ಳೆ ಏಳುವುದು ಬಣ್ಣದ ಕೆಳಗೆ ಉಳಿದ ಉಪ್ಪಿನಿಂದ. ಉಪ್ಪು ಗಾಳಿಯ ತೇವ ಎಳೆದುಕೊಂಡು ಒಳಗೊಳಗೇ ತುಕ್ಕು ಹಬ್ಬಿಸುತ್ತದೆ. ಹಾಗಾಗಿ ಉಜ್ಜುವ ಮೊದಲೂ, ಉಜ್ಜಿದ ಮೇಲೂ ಸಿಹಿನೀರಲ್ಲಿ ತೊಳೆಯಬೇಕು. ತಂತಿ ಬ್ರಷ್, ಆಮೇಲೆ 120ರ, ಕೊನೆಗೆ 220ರ ಉಜ್ಜುಕಾಗದ. ಒಣಗಿದ ದಿನವೇ ಪ್ರೈಮರ್ ಹಚ್ಚಿ. ಬೆಳಗಾಗಲಿ ಎಂದು ಬಿಟ್ಟರೆ ಕರಾವಳಿಯ ಗಾಳಿಗೆ ಮತ್ತೆ ಕೆಂಪು ಪುಡಿ ಕಾಣಿಸುತ್ತದೆ. ನಂತರ ಎರಡು ಕೋಟ್ ಎನಾಮೆಲ್, ನಡುವೆ ಒಂದು ದಿನ. ಡಿಸೆಂಬರ್‌ನಿಂದ ಫೆಬ್ರವರಿ ಇದಕ್ಕೆ ಒಳ್ಳೆಯ ಕಾಲ. ದೀಪದ ಕೈಗಳು ಟೊಳ್ಳು ಕೊಳವೆಗಳಾದ್ದರಿಂದ ಮೇಲಿನ ತೂತಿಗೆ ಸಿಲಿಕೋನ್ ತುಂಬಿ, ಕೆಳಗಿನದನ್ನು ನೀರಿಳಿಯಲು ಬಿಡಿ.

ಇಷ್ಟೆಲ್ಲ ಮಾಡಿದರೂ ಅದನ್ನು ಒಳಕೋಣೆಯಲ್ಲಿ ತೂಗುವುದೇ ನಮ್ಮ ಸಲಹೆ.

ಹರಳುಗಳನ್ನು ಬಿಚ್ಚಿ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ. ಮಂಕು ಹೋಗದಿದ್ದರೆ ಗಾಜಿನ ಮೇಲ್ಮೈಯೇ ಸವೆದಿದೆ ಎಂದರ್ಥ, ಮನೆಯಲ್ಲಿ ಅದಕ್ಕೆ ಮದ್ದಿಲ್ಲ. ಹೊಳಪು ಉಳಿದವನ್ನು ಸ್ಟೇನ್‌ಲೆಸ್ ತಂತಿಯಲ್ಲಿ ಪೋಣಿಸಿ ಕಿಟಕಿಗೆ ಕಟ್ಟಿದರೆ ಬೆಳಗಿನ ಬಿಸಿಲು ಗೋಡೆ ತುಂಬ ಬಣ್ಣ ಚೆಲ್ಲುತ್ತದೆ. ಗಟ್ಟಿ ಗಾಜಿನ ದುಂಡು ಗುಂಡುಗಳನ್ನು ಮಾತ್ರ ಬಿಸಿಲಿಗೆ ಕಟ್ಟಬೇಡಿ. ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಪರದೆ ಸುಡಬಲ್ಲವು.

ಪ್ರಶ್ನೆ: ಮಕ್ಕಳ ಕರಕುಶಲಕ್ಕೆ ಕೆಟ್ಟ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು ಬಳಸಬಹುದೇ? (ಹೊನ್ನಾವರ)

ಉತ್ತರ: ಬೇಡ. ಎರಡರೊಳಗೂ ಪಾದರಸವಿದೆ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು ಕಾಲು ಗಂಟೆ ಬಿಡಿ. ಪೊರಕೆ ಹಾಕಬೇಡಿ, ಪುಡಿ ಹಾರುತ್ತದೆ. ದಪ್ಪ ರಟ್ಟಿನಿಂದ ಎತ್ತಿ, ಉಳಿದದ್ದನ್ನು ಅಂಟುಪಟ್ಟಿಯಲ್ಲಿ ಒತ್ತಿ ತೆಗೆದು, ಮುಚ್ಚಳವಿರುವ ಬಾಟಲಿಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಮಕ್ಕಳ ಕೈಗೆ ಟ್ಯೂಬ್‌ಲೈಟಿನ ತಗಡಿನ ಪಟ್ಟಿ ಕೊಡಬಹುದು. ಚೋಕ್, ಸ್ಟಾರ್ಟರ್, ವೈರು ಬಿಚ್ಚಿ ಅಂಚನ್ನು ಅರದಿಂದ ಉಜ್ಜಿದರೆ, ನಾಲ್ಕು ಅಡಿ ಉದ್ದದ ಆ ಪಟ್ಟಿಗೆ ಬಣ್ಣ ಬಳಿದು ಚಿತ್ರಗಳನ್ನು ಅಯಸ್ಕಾಂತದಲ್ಲಿ ಅಂಟಿಸಬಹುದು.