ಕಾಂಡ್ಲಾ ನೋಡೋಕೆ ಹೊರಟಿರಾ? ಮೊದಲು ಭರತದ ಹೊತ್ತು ಕೇಳಿ

ಹೋದ ಸಂಚಿಕೆಯಲ್ಲಿ ಹೊನ್ನಾವರದ ಕಾಂಡ್ಲಾ ಕಾಡಿನ, ಅಂದರೆ ನದಿ ಸಮುದ್ರಕ್ಕೆ ಸೇರುವ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರ ಫಲವಾಗಿ ಈ ಸಲ ಪತ್ರಗಳೆಲ್ಲ ಸಮುದ್ರದ ಕಡೆಗೇ ತಿರುಗಿವೆ. ತುಮಕೂರಿನಲ್ಲಿ ಕೂತು ಕಡಲಿನ ಪ್ರಶ್ನೆಗೆ ಉತ್ತರ ಬರೆಯೋದು ಸ್ವಲ್ಪ ತಮಾಷೆಯೇ. ಆದರೂ ಬಾಟನಿ ಪಾಠ ಮಾಡಿ ನಿವೃತ್ತಳಾದವಳು ನಾನು, ಕೇಳಿದರೆ ಸುಮ್ನಿರೋಕೆ ಆಗಲ್ಲ.

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಇಬ್ಬರೇ ಕಾರಿನಲ್ಲಿ ಕರಾವಳಿಗೆ ಹೋಗಬೇಕು ಅಂತಿದ್ದೇವೆ. ಕಾರವಾರದಿಂದ ಉಡುಪಿವರೆಗೆ ಇರುವ ಮ್ಯಾಂಗ್ರೋವ್ ಪಾರ್ಕುಗಳನ್ನೆಲ್ಲ ನೋಡುವ ಆಸೆ. ನಾಲ್ಕು ದಿನದಲ್ಲಿ ಮುಗಿಯುತ್ತಾ? ಯಾವ ದಾರಿ ಹಿಡಿಯಬೇಕು?
– ಓದುಗರು, ಮಧುಗಿರಿ

ದಾರಿ ನಿಮ್ಮ ಊರಿನ ಮೇಲೇ ಹೋಗುತ್ತೆ. ಮಧುಗಿರಿ ದಾಟುವ ರಾಷ್ಟ್ರೀಯ ಹೆದ್ದಾರಿ 69ರ ಒಂದು ತುದಿ ಆಂಧ್ರದ ಚಿತ್ತೂರಿನಲ್ಲಿದೆ, ಇನ್ನೊಂದು ತುದಿ ಹೊನ್ನಾವರದಲ್ಲಿ. ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಮುಗಿಸಿ ನಿಮ್ಮಲ್ಲಿಗೆ ಬರುತ್ತೆ. ಆಮೇಲೆ ಬಡವನಹಳ್ಳಿ, ಶಿರಾ, ಹುಳಿಯಾರು, ಬಾಣಾವರ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ. ಮೂರು ಜಿಲ್ಲೆಯ ಜನ ದಿನಾ ಓಡಾಡುವ ರಸ್ತೆ, ಅದರ ಕೊನೆಗೆ ಸಮುದ್ರ ಇದೆ ಅಂತ ನೆನಪೇ ಇರಲ್ಲ ನಮಗೆ. ತುಮಕೂರಿನವರಾದರೆ ತಿಪಟೂರು, ಅರಸೀಕೆರೆ ಮೇಲೆ ಹೋಗಿ ಬಾಣಾವರದ ಹತ್ತಿರ ಇದೇ ರಸ್ತೆಗೆ ಸೇರಬಹುದು. ನಮಗೆ ಹೊನ್ನಾವರ ಸುಮಾರು 360 ಕಿಲೋಮೀಟರ್.

ಒಂದೇ ದಿನಕ್ಕೆ ತಲುಪುವ ಹಟ ಬೇಡ. ಸಾಗರದಲ್ಲಿ ರಾತ್ರಿ ಉಳಿಯಿರಿ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಘಟ್ಟವನ್ನು ಬೆಳಕಿನಲ್ಲೇ ನೋಡಬೇಕು. ಆ ಕಾಡಿನಲ್ಲಿ ಸಿಂಗಳೀಕಗಳಿವೆ. ಗಾಡಿ ನಿಲ್ಲಿಸಿ ಬಿಸ್ಕತ್ತು ಎಸೆಯುವವರ ಸಾಲಿಗೆ ಮಾತ್ರ ಸೇರಬೇಡಿ.

ಇನ್ನು 'ಪಾರ್ಕುಗಳನ್ನೆಲ್ಲ' ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿ ಶರಾವತಿ ದಂಡೆಯ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಹಲಗೆಯ ಕಾಲುದಾರಿ ಮಾಡಿದೆ. ಕಾರವಾರದಲ್ಲಿ ಕಾಳಿ ನದಿಯ ಬದಿಗೂ ಅಂಥದ್ದೇ ಒಂದಿದೆ. ಕುಂದಾಪುರ, ಗಂಗೊಳ್ಳಿ, ಸಾಲಿಗ್ರಾಮದ ಹಿನ್ನೀರಿನಲ್ಲೂ ಕಾಂಡ್ಲಾ ಸಿಗುತ್ತೆ. ಹೊನ್ನಾವರದಿಂದ ಕಾರವಾರಕ್ಕೆ ಸುಮಾರು 90 ಕಿಲೋಮೀಟರ್, ಈ ಕಡೆ ಕುಂದಾಪುರಕ್ಕೂ ಹೆಚ್ಚುಕಮ್ಮಿ ಅಷ್ಟೇ. ಹೆದ್ದಾರಿ 66ರಲ್ಲಿ ಓಡಿಸಿಕೊಂಡು ಹೋದರೆ ಎಲ್ಲವನ್ನೂ ಮುಟ್ಟಿ ಬರಬಹುದು. ಆದರೆ ಮುಟ್ಟಿ ಬಂದ ಹಾಗಷ್ಟೇ ಆಗುತ್ತೆ. ಪ್ರತಿ ಕಡೆ ಹತ್ತು ನಿಮಿಷ ನಡೆದು, ಫೋಟೊ ತೆಗೆದು, 'ಎಲ್ಲಾ ಕಡೆ ಒಂದೇ ಥರ ಇದೆಯಲ್ಲಾ' ಅಂತೀರಿ.

ಕಾಂಡ್ಲಾ ಕಾಡು ಒಂದೇ ಜಾಗದಲ್ಲಿ ಎರಡು ಥರ ಇರುತ್ತೆ. ಭರತ ಬಂದು ಸಮುದ್ರ ಉಕ್ಕಿದಾಗ ನೀರು ಹಲಗೆಯ ಕೆಳಗೇ ಆಡುತ್ತೆ. ಮರಗಳು ನೀರಿನ ಮೇಲೆ ನಿಂತ ಹಸಿರು ಗೋಡೆ, ಬೇರು ಕಾಣಿಸುವುದೇ ಇಲ್ಲ. ಇಳಿತದಲ್ಲಿ ನೀರು ಸರಿದು ಹೋಗುತ್ತೆ, ಆಗ ಆಟ ಶುರು. ಕೊಂಬೆಯಿಂದ ಇಳಿಬಿಟ್ಟ ಊರುಗೋಲು ಬೇರುಗಳು ಕಾಣುತ್ತವೆ. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರಾಟದ ಬೇರುಗಳು ಸಾವಿರಾರು. ಒಂದೇ ಒಂದು ಕೊಂಡಿ ದಪ್ಪಗಿರುವ ಸಣ್ಣ ಏಡಿಗಳು ಬಿಲದ ಬಾಯಲ್ಲಿ ನಿಂತು ಅದನ್ನು ಬೀಸುತ್ತಿರುತ್ತವೆ (ಆ ದೊಡ್ಡ ಕೊಂಡಿ ಗಂಡಿಗೆ ಮಾತ್ರ). ಕೆಸರಿನ ಮೇಲೆ ಕುಪ್ಪಳಿಸುವ ಮೀನೂ ಇದೆ. ನೀರಿನಿಂದ ಹೊರಗೆ ಬಂದು ಕಣ್ಣು ಹೊರಳಿಸಿ ನಿಮ್ಮನ್ನೇ ನೋಡುತ್ತೆ.

ಆದ್ದರಿಂದ ಕಿಲೋಮೀಟರ್ ಲೆಕ್ಕ ಬಿಡಿ, ನೀರಿನ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮಾರನೆಯ ದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಂದರೆ ಇವತ್ತು ಬೆಳಗ್ಗೆ ಎಂಟಕ್ಕೆ ಭರತವಾದರೆ ಇಳಿತ ಮಧ್ಯಾಹ್ನ ಎರಡರ ಮೇಲೆ, ನಾಳೆಯ ಭರತ ಒಂಬತ್ತರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಮನೆಯ ಪಂಚಾಂಗ ನೋಡಿಯೇ ಅರ್ಧ ಯೋಜನೆ ಹಾಕಬಹುದು. ನಿಖರ ಹೊತ್ತು ಬೇಕೆಂದರೆ ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಟರ್ನೆಟ್ಟಿನಲ್ಲಿ ಹಾಕುತ್ತೆ. ಅದಕ್ಕಿಂತ ಸುಲಭ, ನೀವು ಉಳಿದುಕೊಂಡ ಊರಿನಲ್ಲಿ ಮೀನು ಹಿಡಿಯುವವರನ್ನು ಕೇಳೋದು. ಗಡಿಯಾರ ನೋಡದೆ ಹೇಳುತ್ತಾರೆ.

ನಾನಾದರೆ ಹೀಗೆ ಮಾಡುತ್ತೇನೆ. ಎರಡನೇ ದಿನ ಘಟ್ಟ ಇಳಿದು ಇಡೀ ದಿನ ಹೊನ್ನಾವರ. ಅದೇ ಹಲಗೆಯ ದಾರಿಗೆ ಎರಡು ಸಲ, ಭರತಕ್ಕೊಂದು ಇಳಿತಕ್ಕೊಂದು. ನಡುವಿನ ಹೊತ್ತಿಗೆ ಕಾಸರಕೋಡಿನ ಕಡಲತೀರ ಇದೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ಮಾನ್ಯತೆ) ಸಿಕ್ಕ ತೀರ ಅದು, ಶೌಚಾಲಯ ಇದೆ. ಹೆಂಗಸರಿಬ್ಬರೇ ಹೋಗುವಾಗ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಟಿಕೆಟ್ಟು, ಬಾಗಿಲು ಹಾಕುವ ಹೊತ್ತು ಬದಲಾಗುತ್ತಿರುತ್ತೆ, ಮೊದಲೇ ವಿಚಾರಿಸಿಕೊಳ್ಳಿ.

ಮೂರನೇ ದಿನ ಕುಮಟಾ ಕಡೆ. ಅಲ್ಲಿ ಅಘನಾಶಿನಿ ಸಮುದ್ರಕ್ಕೆ ಸೇರುತ್ತೆ. ಅಣೆಕಟ್ಟು ಕಾಣದ ನದಿ ಅದು. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಪಾರ್ಕು, ಕಮಾನು, ಸೆಲ್ಫಿ ಪಾಯಿಂಟು ಹುಡುಕಬೇಡಿ. ಇಳಿತದ ಹೊತ್ತಿಗೆ ಜನ ನೀರಿಗಿಳಿದು ಬಳಚು ಎಂಬ ಚಿಪ್ಪು ಆರಿಸುತ್ತಿರುತ್ತಾರೆ, ಅದನ್ನು ನೋಡಿ. ಅಳಿವೆಯ ಪಕ್ಕದ ತಗ್ಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ. ಸಾಣಿಕಟ್ಟೆಯಲ್ಲಿ ಉಪ್ಪಿನ ಪಾತಿಗಳಿವೆ. ಕಾಂಡ್ಲಾ, ಭತ್ತ, ಉಪ್ಪು, ಚಿಪ್ಪು, ನಾಲ್ಕೂ ಒಂದೇ ನೀರನ್ನು ನಂಬಿಕೊಂಡಿವೆ. ನನಗೆ ಇಡೀ ಕರಾವಳಿಯಲ್ಲಿ ತುಂಬ ಇಷ್ಟವಾದ ಜಾಗ ಇದೇ. ಇಲ್ಲಿಗೆ ಒಂದು ದಿನ ಜಾಸ್ತಿ ಬೇಕಾದರೂ ಕೊಡಿ, ಉಡುಪಿಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೇ ಬಿತ್ತು. ಆಗಸ್ಟಿನಲ್ಲಿ ಕಾರವಾರದ ಕಾಳಿ ಹಳೇ ಸೇತುವೆ ಕುಸಿಯಿತು. ನಮ್ಮ ಬಯಲುಸೀಮೆಯವರಿಗೆ ಮಳೆ ಅಂದರೆ ಖುಷಿ. ಅಲ್ಲಿಯ ಮಳೆಯ ಲೆಕ್ಕ ಬೇರೆ.

ಪ್ರಶ್ನೆ: ನಮಗೆ ಹೊನ್ನಾವರಕ್ಕಿಂತ ತಮಿಳುನಾಡಿನ ಪಿಚಾವರಂ ಒಳ್ಳೆಯದು ಅಂತಾರೆ. ನಿಜವಾ? ಮಗಳಿಗೆ ರಜೆ ಇದ್ದಾಗ ಹೋಗಬೇಕು.
– ಓದುಗರು, ಕೋಲಾರ

ಕೋಲಾರದವರಿಗೆ ಪೂರ್ವದ ಸಮುದ್ರವೇ ಹತ್ತಿರ. ತಿರುವಣ್ಣಾಮಲೈಗೆ ಹೋಗಿ ಬಂದವರು ನಿಮ್ಮಲ್ಲಿ ಮನೆಗೊಬ್ಬರು ಇರುತ್ತಾರೆ. ಅದೇ ದಾರಿಯಲ್ಲಿ ಮುಂದೆ ವಿಲ್ಲುಪುರಂ, ಆಮೇಲೆ ಚಿದಂಬರಂ. ಅಲ್ಲಿಂದ ಪಿಚಾವರಂ ಸಣ್ಣ ಪ್ರಯಾಣ. ಹುಣ್ಣಿಮೆ ದಿನ ಮಾತ್ರ ಹೊರಡಬೇಡಿ, ಗಿರಿವಲದ, ಅಂದರೆ ಬೆಟ್ಟದ ಪ್ರದಕ್ಷಿಣೆಯ ಜನಸಾಗರದಲ್ಲಿ ಕಾರು ಸಿಕ್ಕಿಕೊಳ್ಳುತ್ತೆ.

ಪಿಚಾವರಂ ದೊಡ್ಡದು, ಸುಮಾರು 1,100 ಹೆಕ್ಟೇರ್. ಕರ್ನಾಟಕದ ಕಾಂಡ್ಲಾ ಎಲ್ಲಾ ಸೇರಿಸಿದರೂ 2021ರ ಅರಣ್ಯ ವರದಿಯಲ್ಲಿ 13 ಚದರ ಕಿಲೋಮೀಟರ್ (1,300 ಹೆಕ್ಟೇರ್) ಇತ್ತು ಅಂದರೆ ಅಂದಾಜು ಸಿಗಬಹುದು. ಅಲ್ಲಿ ಹಲಗೆಯ ಮೇಲೆ ನಡೆಯೋದಲ್ಲ, ದೋಣಿಯಲ್ಲಿ ಹೋಗೋದು. ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಮೋಟಾರು ದೋಣಿ ಸಣ್ಣ ಕಾಲುವೆಗಳಿಗೆ ನುಗ್ಗಲ್ಲ, ಸದ್ದಿಗೆ ಹಕ್ಕಿಗಳೂ ನಿಲ್ಲಲ್ಲ. ನೀರಿನ ಏರಿಳಿತ ಆ ಕಡಲಲ್ಲಿ ಕಮ್ಮಿ. ಹಾಗಾಗಿ ಮಧುಗಿರಿಯವರಿಗೆ ಹೇಳಿದ ಲೆಕ್ಕವನ್ನು ನೀವು ಅಷ್ಟು ತಲೆಗೆ ಹಚ್ಚಿಕೊಳ್ಳಬೇಕಿಲ್ಲ, ಬಿಸಿಲು ಏರುವ ಮುಂಚೆ ಹೋದರೆ ಸಾಕು. 2004ರ ಸುನಾಮಿಯಲ್ಲಿ ಈ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಏಟು ಕಮ್ಮಿ ಬಿತ್ತು. ಮಗಳಿಗೆ ದೋಣಿಯಲ್ಲೇ ಆ ಕಥೆ ಹೇಳಿ.

ರಜೆಯ ವಿಷಯ: ಅಲ್ಲಿ ಮಳೆ ಅಕ್ಟೋಬರಿನಿಂದ ಡಿಸೆಂಬರ್. ದಸರಾ ರಜೆಗಾದರೆ ಹೊನ್ನಾವರ, ಸಂಕ್ರಾಂತಿಯ ನಂತರವಾದರೆ ಪಿಚಾವರಂ. ಎರಡರಲ್ಲಿ ಯಾವುದು ಚೆಂದ ಅಂತ ಮಾತ್ರ ಕೇಳಬೇಡಿ. ನನ್ನ ಓಟು ಅಘನಾಶಿನಿಗೆ ಆಗಲೇ ಬಿದ್ದಿದೆ.

ಪ್ರಶ್ನೆ: ನನಗೆ ಗಿಡ ಮರದ ಹುಚ್ಚು, ನಮ್ಮ ಯಜಮಾನರಿಗೆ ಅರ್ಧ ಗಂಟೆಗೇ ಬೇಜಾರು. ಕೆಸರು ನೋಡೋಕೆ ಅಷ್ಟು ದೂರ ಯಾಕೆ ಅಂತಾರೆ. ಹೇಗೆ ಒಪ್ಪಿಸಲಿ?
– ಓದುಗರು, ಗುಬ್ಬಿ

ಒಪ್ಪಿಸಬೇಡಿ. ನನ್ನ ಜೊತೆ ಬರುವುದು ನನ್ನ ನಾದಿನಿ. ಕಾರು ಓಡಿಸುವವಳು ಅವಳೇ, ನನಗೆ ಬರಲ್ಲ. ಹೊನ್ನಾವರದ ಹಲಗೆಯ ಮೇಲೆ ನಿಂತು, 'ಅತ್ತಿಗೆ, ಇಷ್ಟಕ್ಕೆ ಇಷ್ಟು ದೂರ ಬಂದ್ವಾ? ನಮ್ಮೂರ ಕೆರೆ ಬತ್ತಿದಾಗ ಇದೇ ಕೆಸರು ಇರುತ್ತಲ್ಲ' ಅಂದಳು. ವಾಸನೆ ಬೇರೆ. ಗಾಳಿಯಾಡದ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ, ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದ ಅದೇ ಅನಿಲ. ಅದನ್ನು ವಿವರಿಸಿದೆ. ಅವಳಿಗೆ ಏನೂ ಸಮಾಧಾನವಾದಂತೆ ಕಾಣಲಿಲ್ಲ.

ಈಗ ನಮ್ಮದು ಒಂದು ಒಪ್ಪಂದ. ನಾನು ಕಾಂಡ್ಲಾದಲ್ಲಿ ಇರುವಷ್ಟು ಹೊತ್ತು ಅವಳು ಮೀನು ಮಾರುಕಟ್ಟೆಯಲ್ಲಿ. ನಾನು ಮೀನು ತಿನ್ನಲ್ಲ, ಅವಳು ಬಿಡಲ್ಲ. ಮಾರುವ ಹೆಂಗಸರ ಹತ್ತಿರ ಚೌಕಾಸಿ ಮಾಡಿ, ಅಡುಗೆಯ ವಿಚಾರ ಕೇಳಿಕೊಂಡು ಬರುತ್ತಾಳೆ. ಕಾಂಡ್ಲಾ ಕಡಿದರೆ ಸಿಗಡಿ ಕಮ್ಮಿಯಾಗುತ್ತೆ, ಅದರ ಮರಿ ಬೆಳೆಯೋದೇ ಆ ಬೇರುಗಳ ನಡುವೆ ಅಂತ ಅವಳು ಅಲ್ಲಿ ಕೇಳಿಕೊಂಡು ಬಂದು ನನಗೇ ಪಾಠ ಮಾಡಿದ್ದಾಳೆ. ಇಪ್ಪತ್ತು ವರ್ಷ ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ನಿಮ್ಮ ಯಜಮಾನರಿಗೆ ಏನು ಇಷ್ಟವೋ ನೋಡಿ. ಕೋಟೆ ಇಷ್ಟವಾದರೆ ಕುಮಟಾದ ಹತ್ತಿರ ಮಿರ್ಜಾನ್ ಇದೆ, ಅಲ್ಲಿ ಬಿಟ್ಟು ನೀವು ನದಿಗೆ ಹೋಗಿ. ಗಾಡಿ ಓಡಿಸುವುದೇ ಇಷ್ಟ ಅಂದರೆ ಮರವಂತೆವರೆಗೆ ಕಳಿಸಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ.

ಪ್ರಶ್ನೆ: ಮೇಡಂ, ನಮ್ಮ ತೋಟದ ಬೋರಿನ ನೀರು ಸ್ವಲ್ಪ ಉಪ್ಪಾದರೂ ಗಿಡದ ಎಲೆ ಸುಡುತ್ತೆ. ಸಮುದ್ರದ ನೀರಿನಲ್ಲಿ ಕಾಂಡ್ಲಾ ಹೇಗೆ ಬದುಕುತ್ತೆ? ನಾನು ದ್ವಿತೀಯ ಪಿಯುಸಿ.
– ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಪಿಯುಸಿ ಅಂದಿದ್ದೀಯ, ಹಾಗಾಗಿ ಏಕವಚನ. ಹಳೇ ಅಭ್ಯಾಸ, ಬೇಜಾರು ಮಾಡ್ಕೋಬೇಡ.

ನಿಮ್ಮ ತೋಟದ ಗಿಡಕ್ಕೆ ಎರಡು ಕಷ್ಟ. ಮಣ್ಣಿನಲ್ಲಿ ಉಪ್ಪು ಹೆಚ್ಚಿದರೆ ಬೇರಿಗೆ ನೀರು ಎಳೆಯೋಕೆ ಆಗಲ್ಲ, ನೆಲ ಒದ್ದೆ ಇದ್ದರೂ ಗಿಡಕ್ಕೆ ಬಾಯಾರಿಕೆ. ಒಳಗೆ ಹೋದ ಉಪ್ಪು ಎಲೆಯ ಅಂಚಿನಲ್ಲಿ ಕೂತು ಸುಡುತ್ತೆ. ಚೌಳು ನೆಲದಲ್ಲಿ ಆಗುವುದೂ ಇದೇ. ಕಾಂಡ್ಲಾ ಜಾತಿಗಳು ಇದಕ್ಕೆ ಬೇರೆ ಬೇರೆ ಉಪಾಯ ಕಂಡುಕೊಂಡಿವೆ. ರೈಜೋಫೊರಾ ಬಾಗಿಲಲ್ಲೇ ತಡೆಯುತ್ತೆ, ಉಪ್ಪಿನ ಬಹುಪಾಲನ್ನು ಬೇರು ಒಳಗೇ ಬಿಡಲ್ಲ. ಅವಿಸೆನಿಯಾ ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತೆ. ಒಣ ಹವೆಯಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಕಣ್ಣಿಗೇ ಕಾಣುತ್ತೆ. ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿದರೆ ಗೊತ್ತಾಗುತ್ತೆ.

ಆದರೆ ಗಿಡ ಯಾವುದು ಅಂತ ತಿಳಿದವರು ತೋರಿಸಿದ ಮೇಲೇ ಮುಟ್ಟು. ಅದೇ ಕೆಸರಿನಲ್ಲಿ ಎಕ್ಸೊಕೇರಿಯಾ ಎಂಬ ಮರವೂ ಬೆಳೆಯುತ್ತೆ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಎಲೆ ಕಿತ್ತಾಗ ಬಿಳಿ ಹಾಲು ಬಂದರೆ ಅಲ್ಲಿಗೇ ಬಿಟ್ಟುಬಿಡು. ಪ್ರಾಜೆಕ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ. ಮನೆಯಲ್ಲೇ ರಾಗಿ, ಹುರುಳಿ ಮೊಳಕೆ ಕಟ್ಟಿ, ಬೇರೆ ಬೇರೆ ಪ್ರಮಾಣದ ಉಪ್ಪುನೀರಿನಲ್ಲಿ ಯಾವುದು ಎಷ್ಟು ತಡೆಯುತ್ತೆ ನೋಡು. ನಿಮ್ಮ ಬೋರಿನ ನೀರನ್ನೂ ಒಂದು ಬಟ್ಟಲಿಗೆ ಹಾಕು.

ಪ್ರಶ್ನೆ: ಕಾಂಡ್ಲಾ ಸಸಿ ತಂದು ನಮ್ಮ ಕೆರೆಯಲ್ಲಿ ನೆಟ್ಟರೆ ಬರುತ್ತಾ?
– ಓದುಗರು, ಶಿರಾ

ಬರಲೂಬಹುದು, ಸಿಹಿನೀರಿನಲ್ಲೂ ಕೆಲವು ಜಾತಿ ಬದುಕುತ್ತವೆ. ಆದರೂ ತರಬೇಡಿ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ಉದ್ದಕ್ಕೆ ಜೋತುಬಿದ್ದಿರುತ್ತೆ. ಕೈಗೆ ಸಿಗುತ್ತೆ ಅಂತ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಅದು ಅರಣ್ಯ, ಅಲ್ಲಿಂದ ಏನನ್ನೂ ಕೀಳುವ ಹಾಗಿಲ್ಲ. ಕೆರೆ ದಂಡೆಗೆ ನಮ್ಮದೇ ಹೊಂಗೆ, ನೇರಳೆ, ಹೊಳೆಮತ್ತಿ ಇವೆಯಲ್ಲ.

ಕಾಂಡ್ಲಾವನ್ನೇ ನೆಡಬೇಕು ಅನ್ನಿಸಿದರೆ ಕರಾವಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಅವರು ನೆಡುವ ಕಾಲಕ್ಕೆ ಕೈಜೋಡಿಸಬಹುದಾ ಅಂತ. ಒಪ್ಪಿದರೆ ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಕೆಸರು ಮೊಣಕಾಲ ತನಕ ಬರುತ್ತೆ, ಚಪ್ಪಲಿ ಒಳಗೇ ಉಳಿಯುತ್ತೆ.