ಸೋರುವ ಸ್ಲ್ಯಾಬ್ ಮತ್ತು ಗೌಂಡಿಯ ಮುಂಗಡ: ಒಂದು ಪ್ರತಿಕ್ರಿಯೆ

ನಮಸ್ಕಾರ. ಬೆಳಗಾವಿಯ ಶಹಾಪುರದ ನಿಮ್ಮ ಮನೆಯ ಸ್ಲ್ಯಾಬ್ ಸೋರುತ್ತಿದ್ದು, ದುರಸ್ತಿಗೆ ಗೌಂಡಿಯವರು ಅರ್ಧ ಹಣವನ್ನು ಮುಂಗಡವಾಗಿ ಕೇಳಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಬೇಡಿ. ಸಾಮಗ್ರಿಯನ್ನು ನೀವೇ ಬಿಲ್ ಸಮೇತ ತಂದು, ಕೂಲಿಯನ್ನು ಮಾತ್ರ ಕೆಲಸ ಸಾಗಿದಂತೆ ಕೊಡುವುದು ಲೇಸು; ಸಿಮೆಂಟ್ ಚೀಲದ ಮೇಲೆ ತಯಾರಿಕೆಯ ವಾರ ಮತ್ತು ವರ್ಷ ಮುದ್ರಿತವಾಗಿರುತ್ತದೆ, 3 ತಿಂಗಳು ಮೀರಿದ್ದರೆ ಹಿಂದಿರುಗಿಸಿ. ಕಳೆದ ಮಳೆಗಾಲಕ್ಕೆ ಮುಂಚೆ ಅವರು ದುರಸ್ತಿ ಮಾಡಿದ ಒಂದು ಮನೆಗೆ ಅವರಿಲ್ಲದೆ ಹೋಗಿ (ಗೌಂಡಿ ಎದುರಿಗಿದ್ದರೆ ಯಾರೂ ದೂರು ಹೇಳುವುದಿಲ್ಲ), ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಲ್ಲಿ ಬಿರುಕು, ಕೆಳಗಿನ ಕೋಣೆಯಲ್ಲಿ ತೇವದ ಕಲೆ ಇವೆಯೇ ಎಂದು ನೋಡಿ. ಕೆಲಸ ಮುಗಿದು ಗಟ್ಟಿಯಾದ ಬಳಿಕ, ನೀರು ಹರಿದುಹೋಗುವ ಕೊಳವೆಗಳ ಬಾಯಿ ಮುಚ್ಚಿ, ಕನಿಷ್ಠ 24 ಗಂಟೆ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಕೊನೆಯ ಕಂತು ಎಂಬುದನ್ನು ಈಗಲೇ ಕಾಗದದಲ್ಲಿ ಬರೆಸಿಕೊಳ್ಳಿ.